ಚಟ ಬೇಡಿದ ಜೋಳಿಗೆ, ರಾತ್ರಿ ತುಂಬಿದ ಭಜನೆ

ಬಾದಾಮಿ, ಹುನಗುಂದ ಸೀಮೆಯ ಹಳ್ಳಿಗಳಲ್ಲಿ ಹರೆಯದ ಹುಡುಗರ ಅತಿ ಹಳೆಯ ಸಂಘವೆಂದರೆ ಭಜನಾ ಮೇಳ. ಅದಕ್ಕೆ ನೋಂದಣಿಯಿಲ್ಲ, ಅಧ್ಯಕ್ಷರಿಲ್ಲ. ಒಂದು ಪೇಟಿ, ಒಂದು ತಬಲಾ, ನಾಲ್ಕು ಜೊತೆ ತಾಳ, ಕೂರಲು ಗುಡಿಯ ಕಟ್ಟೆ ಇದ್ದರೆ ಮೇಳ ಕಟ್ಟಿದಂತೆಯೇ. ಹೊಲದಿಂದ ಬಂದು ರೊಟ್ಟಿ ಉಂಡ ಮೇಲೆ ಸೋಮವಾರ ಈಶ್ವರನ ಗುಡಿಯಲ್ಲಿ, ಶನಿವಾರ ಹನುಮಪ್ಪನ ಗುಡಿಯಲ್ಲಿ, ಅಮಾವಾಸ್ಯೆಯಂದು ಮಠದಲ್ಲಿ ಸೇರುವುದು ರೂಢಿ. ನಿಜಗುಣ ಶಿವಯೋಗಿಯ ‘ಕೈವಲ್ಯ ಪದ್ಧತಿ’ಯ ಹಾಡುಗಳು, ಸರ್ಪಭೂಷಣ ಶಿವಯೋಗಿಯ ಪದಗಳು, ಶಿಶುನಾಳ ಶರೀಫರ ತತ್ವಪದಗಳು, ದಾಸರ ಪದಗಳು ಈ ಕಟ್ಟೆಗಳ ಮೇಲೆ ಪುಸ್ತಕದ ಹಂಗಿಲ್ಲದೆ ಬಾಯಿಂದ ಬಾಯಿಗೆ ದಾಟಿವೆ.

ಮೇಳಕ್ಕೆ ಸೇರುವ ಹುಡುಗನ ಕೈಗೆ ಮೊದಲು ಸಿಗುವುದು ತಾಳ. ತಾಳ ಕೈಗೆ ಹತ್ತಿದ ಮೇಲೆ ಹಿಂದಿನ ಸಾಲಿನಲ್ಲಿ ಕೂತು ಸೊಲ್ಲು ಹಿಡಿಯುತ್ತಾನೆ. ದನಿ ಇದ್ದವನು ಮುಂದೆ ಬಂದು ಪದ ಎತ್ತುತ್ತಾನೆ, ದನಿ ಇಲ್ಲದವನು ತಬಲಾದ ಕಡೆ ಸರಿಯುತ್ತಾನೆ. ಒಂದು ಊರಿನ ಮೇಳ ಮತ್ತೊಂದು ಊರಿನ ಮೇಳದ ಎದುರು ಕೂತು ಸವಾಲು ಹಾಕಿ ಜವಾಬು ಬೇಡುವ ಭಜನೆಯಾದರೆ ಬೆಳತನಕ ನಡೆಯುತ್ತದೆ. ಒಬ್ಬರು ಒಗಟಿನಂಥ ಪದ ಹಾಡಿದರೆ ಇನ್ನೊಬ್ಬರು ಅದನ್ನು ಪದದಲ್ಲಿಯೇ ಬಿಡಿಸಬೇಕು. ಸೋತ ಮೇಳ ಮುಂದಿನ ವರ್ಷಕ್ಕೆ ತಯಾರಾಗುತ್ತದೆ. ದೈವಭಕ್ತಿ ಎಷ್ಟೋ ಅಷ್ಟೇ ಇಲ್ಲಿ ಹುರುಡೂ ಇದೆ, ಗೆಳೆತನವೂ ಇದೆ, ರಾತ್ರಿಯನ್ನು ಕಳೆಯುವ ಸುಖವೂ ಇದೆ. ಇಪ್ಪತ್ತರ ಹುಡುಗನಿಗೆ ಈ ಮೂರೂ ಬೇಕು. ಅವು ಗುಡಿಯ ಕಟ್ಟೆಯಲ್ಲಿ ಸಿಗದಿದ್ದರೆ ಇಸ್ಪೀಟಿನ ಅಡ್ಡೆಯಲ್ಲಿ, ಸೆರೆ ಅಂಗಡಿಯಲ್ಲಿ ಸಿಗುತ್ತವೆ. ಈ ಸೀಮೆಯಲ್ಲಿ ಧರ್ಮ ಮತ್ತು ಮನರಂಜನೆಯ ನಂಟನ್ನು ಅರಿಯಲು ಈ ಸಂಗತಿಯೇ ಕೀಲಿಕೈ.

ಶ್ರಾವಣ ಬಂತೆಂದರೆ ಊರು ‘ಪುರಾಣ ಹಚ್ಚುತ್ತದೆ’. ತಿಂಗಳ ಪರ್ಯಂತ ಪ್ರತಿ ರಾತ್ರಿ ಪುರಾಣಿಕರು ಒಂದು ಕಥೆಯನ್ನು ಸ್ವಲ್ಪಸ್ವಲ್ಪವಾಗಿ ಬಿಚ್ಚುತ್ತಾರೆ. ಚಾಮರಸನ ‘ಪ್ರಭುಲಿಂಗಲೀಲೆ’, ಭೀಮಕವಿಯ ‘ಬಸವ ಪುರಾಣ’, ಕಲಬುರಗಿಯ ಶರಣಬಸವೇಶ್ವರರ ಪುರಾಣ, ಹೇಮರೆಡ್ಡಿ ಮಲ್ಲಮ್ಮನ ಚರಿತ್ರೆ ಹೆಚ್ಚು ರೂಢಿಯಲ್ಲಿರುವವು. ನವರಾತ್ರಿಯಲ್ಲಿ ಚಿದಾನಂದ ಅವಧೂತರ ‘ದೇವಿ ಪುರಾಣ’ಕ್ಕೆ ಸರದಿ. ಪುರಾಣಿಕರ ಪಕ್ಕದಲ್ಲಿ ಪೇಟಿಯ ಗವಾಯಿ, ತಬಲಾದವರು ಕೂತಿರುತ್ತಾರೆ. ಕಥೆ ದುಃಖದ ತಿರುವಿಗೆ ಬಂದಾಗ ಗವಾಯಿ ಒಂದು ವಚನ ಎತ್ತುತ್ತಾರೆ. ಸಭೆ ತೂಕಡಿಸುವ ಹೊತ್ತಿಗೆ ಪುರಾಣಿಕರು ನಗೆಯ ಉಪಕಥೆಯೊಂದನ್ನು ತೆಗೆಯುತ್ತಾರೆ. ಮುಂದೆ ಏನಾಯಿತು ಎಂಬ ಕುತೂಹಲಕ್ಕೆ ಕಥೆ ತಂದು ನಿಲ್ಲಿಸಿ ಮಂಗಳಾರತಿ ಮಾಡುತ್ತಾರೆ. ಧಾರಾವಾಹಿಗಳು ಇಂದು ಮಾಡುವುದನ್ನು ಪುರಾಣಿಕರು ಎಷ್ಟೋ ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಕೊನೆಯ ದಿನದ ‘ಪುರಾಣ ಮಂಗಲ’ಕ್ಕೆ ಇಡೀ ಊರಿಗೆ ಪ್ರಸಾದ. ಮನೆಮನೆಯಿಂದ ಜೋಳ, ಗೋದಿ, ಬೆಲ್ಲ ಕೂಡಿಸುವುದು, ಪೆಂಡಾಲು ಹಾಕುವುದು, ಪಂಕ್ತಿಯಲ್ಲಿ ಬಡಿಸುವುದು ಹುಡುಗರ ಪಾಲಿನ ಕೆಲಸ. ಪುರಾಣದ ಅರ್ಥ ತಲೆಗೆ ಹೋಗದವನಿಗೂ ಊರಿನಲ್ಲಿ ತನಗೊಂದು ಕೆಲಸವಿದೆ ಎಂಬುದು ತಿಳಿಯುತ್ತದೆ.

ಓದು-ಹಾಡಿಗಿಂತ ಮೈ ಕಸುವು ಬೇಕೆನ್ನುವವರಿಗೆ ಗರಡಿ ಮನೆ. ಗರಡಿಯ ಗೂಡಿನಲ್ಲಿ ಹನುಮಂತ, ಅವನ ಮುಂದೆ ಹದ ಮಾಡಿದ ಕೆಂಪು ಮಣ್ಣು. ಬೆಳಗಿನ ಜಾವಕ್ಕೆ ಏಳಬೇಕು, ಮಣ್ಣಿಗೆ ನಮಸ್ಕರಿಸಿ ಇಳಿಯಬೇಕು, ವಸ್ತಾದರ ಮಾತು ಮೀರಬಾರದು, ಚಟ ಮಾಡಬಾರದು. ಜಮಖಂಡಿ, ಮುಧೋಳ, ಬಾಗಲಕೋಟೆ ಕಡೆಯ ಪೈಲ್ವಾನರು ಬೆಳೆದದ್ದು ಈ ಶಿಸ್ತಿನಲ್ಲಿ. ಜಾತ್ರೆಗಳಲ್ಲಿ ಕುಸ್ತಿಯ ಜೊತೆ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯಗಳೂ ನಡೆಯುತ್ತವೆ. ಗರಡಿಯಲ್ಲಿ ಯಾರೂ ಪ್ರವಚನ ಹೇಳುವುದಿಲ್ಲ. ಕುಡಿದವನು ನಾಳೆ ಮಣ್ಣಿನಲ್ಲಿ ಬೀಳುತ್ತಾನೆ, ಅದನ್ನು ಎಲ್ಲರೂ ನೋಡುತ್ತಾರೆ. ಹುಡುಗನನ್ನು ನೆಟ್ಟಗೆ ನಿಲ್ಲಿಸಲು ಇದಕ್ಕಿಂತ ನೇರವಾದ ಪಾಠ ಇನ್ನೊಂದಿಲ್ಲ.

ಬಯಲಾಟವನ್ನೂ ಈ ಪಂಕ್ತಿಗೆ ಸೇರಿಸಬೇಕು. ಬಾಗಲಕೋಟೆ-ಬೆಳಗಾವಿ ಸೀಮೆಯ ಹೆಮ್ಮೆ ‘ಶ್ರೀಕೃಷ್ಣ ಪಾರಿಜಾತ’. ಕುಲಗೋಡ ತಮ್ಮಣ್ಣನ ಹೆಸರಿನಲ್ಲಿ ನಿಂತ ಈ ಆಟಕ್ಕೆ ಮುಧೋಳ ತಾಲೂಕಿನ ಲೋಕಾಪುರ ಒಂದು ದೊಡ್ಡ ನೆಲೆಯಾಯಿತು. ಕೌಜಲಗಿ ನಿಂಗಮ್ಮ ಅದರ ಹೆಸರಾಂತ ನಟಿ. ನಾರದ ತಂದ ಪಾರಿಜಾತದ ಹೂವಿನಿಂದ ಸತ್ಯಭಾಮೆಯ ಗರ್ವ ಕೆರಳುವುದು, ಕೃಷ್ಣ ಕೊರವಂಜಿಯಾಗಿ ಬರುವುದು, ಕೊನೆಗೆ ಗರ್ವ ಇಳಿಯುವುದು, ಇಷ್ಟೇ ಕಥೆ. ಅದಕ್ಕೆ ಜೀವ ತುಂಬುವುದು ದೂತಿಯ ಬಿಚ್ಚುಮಾತು ಮತ್ತು ಭಾಗವತನ ಕೊಂಕು. ಸವತಿಯರ ಜಗಳ, ಗಂಡನ ಕಳ್ಳತನ ಎಲ್ಲವೂ ರಂಗದ ಮೇಲೆ ಬರುತ್ತವೆ, ಜನ ಹೊಟ್ಟೆ ಹಿಡಿದು ನಗುತ್ತಾರೆ, ಆದರೂ ಅದು ದೇವರ ಆಟವೇ. ಧಾರ್ಮಿಕ ಕಲೆ ಎಂದರೆ ನಗೆಯಿಲ್ಲದ್ದು, ಸಪ್ಪೆಯಾದದ್ದು ಎಂಬ ಎಣಿಕೆ ಈ ನೆಲದಲ್ಲಿ ಎಂದೂ ಇರಲಿಲ್ಲ.

ಮೊಹರಂ ಹೊತ್ತಿಗೆ ಇದೇ ಹುಡುಗರು ಅಲಾಯಿ ಕುಣಿಯ ಸುತ್ತ ಸೇರುತ್ತಾರೆ. ಕರ್ಬಲಾದ ಶೋಕವನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ, ಹೆಜ್ಜೆ ಮೇಳ ಕಟ್ಟಿ ಕುಣಿಯುತ್ತಾರೆ. ಮುಸಲ್ಮಾನರ ಮನೆಯೇ ಇಲ್ಲದ ಊರುಗಳಲ್ಲೂ ಡೋಲಿಗಳು ಏಳುತ್ತವೆ. ಇಳಕಲ್ಲಿನಲ್ಲಿ ವಿಜಯ ಮಹಾಂತೇಶ ಮಠ ಒಂದು ಕಡೆ, ಮುರ್ತುಜಾ ಖಾದ್ರಿ ದರ್ಗಾ ಇನ್ನೊಂದು ಕಡೆ ಇದ್ದು, ಊರಿನ ನೇಕಾರರು ಎರಡಕ್ಕೂ ನಡೆದುಕೊಳ್ಳುತ್ತಾರೆ.

ಊರೂರಿನ ಈ ರೂಢಿಗಳಿಗೆ ಸಂಸ್ಥೆಯ ರೂಪ ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1906ರಲ್ಲಿ. ಹಾನಗಲ್ಲ ಕುಮಾರ ಸ್ವಾಮಿಗಳು ಬಾದಾಮಿಯ ಹತ್ತಿರ, ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರವನ್ನು ಕಟ್ಟಿದ್ದು 1909ರಲ್ಲಿ. ಮಠಗಳಿಗೆ ಓದಿದ, ಶಿಸ್ತಿನ ಸ್ವಾಮಿಗಳನ್ನು ತಯಾರು ಮಾಡುವುದು ಮಂದಿರದ ಗುರಿಯಾಗಿತ್ತು. ವಟುಗಳಿಗೆ ಸಂಸ್ಕೃತ, ಯೋಗ, ಶಿವಪೂಜೆಯ ಜೊತೆ ಸಂಗೀತವನ್ನೂ ಕಲಿಸಿದರು. ಸಂಗೀತ ಇಲ್ಲಿ ಪೂಜೆಯ ಬದಿಗೆ ಇಟ್ಟ ಅಲಂಕಾರವಾಗಿರಲಿಲ್ಲ. ಅದರ ಗುರುತು ಇಬ್ಬರು ಅಂಧ ಸೋದರರ ಕಥೆಯಲ್ಲಿದೆ.

ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯ ಆ ಹುಡುಗರ ಹಾಡು ಕೇಳಿದ ಕುಮಾರ ಸ್ವಾಮಿಗಳು ಅವರನ್ನು ತಮ್ಮ ಆಸರೆಗೆ ತೆಗೆದುಕೊಂಡರು. ಅವರಲ್ಲಿ ಕಿರಿಯವ ಗದಿಗೆಯ್ಯ. ಅವನಿಗೆ ಮೊದಲು ಕರ್ನಾಟಕ ಸಂಗೀತ, ಆಮೇಲೆ ಮಿರಜದ ನೀಲಕಂಠ ಬುವಾ ಅವರಿಂದ ಹಿಂದುಸ್ತಾನಿ ಸಂಗೀತ ಕಲಿಸುವ ಏರ್ಪಾಡಾಯಿತು. ಗದಿಗೆಯ್ಯ ಮುಂದೆ ಪಂಚಾಕ್ಷರಿ ಗವಾಯಿಯಾದ. ಅಂಧರು, ಅನಾಥರು, ಬಡವರ ಮಕ್ಕಳನ್ನು ಕೂಡಿಸಿಕೊಂಡು ಊರಿಂದೂರಿಗೆ ಅಲೆಯುತ್ತ ಸಂಗೀತ ಕಲಿಸಿದ ಆ ಗುರುವಿನ ಬಳಗ ಕೊನೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೆಲೆ ನಿಂತಿತು. 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು 2010ರ ವರೆಗೂ ಆಶ್ರಮವನ್ನು ನಡೆಸಿದರು. ಬಸವರಾಜ ರಾಜಗುರು ಅವರಂಥ ಗಾಯಕರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಪುರಾಣ ಹಚ್ಚುವ ಊರುಗಳಿಗೆ ಪೇಟಿ, ತಬಲಾ ಹಿಡಿದು ಹೋಗುವ ಗವಾಯಿಗಳಲ್ಲಿ ಬಹಳಷ್ಟು ಮಂದಿಯ ವಿದ್ಯೆಯ ಬೇರು ಈ ಆಶ್ರಮದಲ್ಲಿದೆ.

ಇಷ್ಟು ಮಕ್ಕಳ ಅನ್ನಕ್ಕೆ ಆಶ್ರಮ ಹಿಡಿದ ದಾರಿಗಳಲ್ಲಿ ಒಂದು ನಾಟಕ ಕಂಪನಿ. ಕುಮಾರೇಶ್ವರ ಕೃಪಾಪೋಷಿತ ಪಂಚಾಕ್ಷರಿ ಗವಾಯಿಗಳ ನಾಟ್ಯ ಸಂಘ ಊರೂರು ಸುತ್ತಿ ಟಿಕೀಟು ಹಚ್ಚಿ ನಾಟಕ ಆಡಿತು. ಪುಟ್ಟರಾಜ ಗವಾಯಿಗಳು ತಾವೇ ನಾಟಕ ಬರೆದರು. ಶರಣರ, ಭಕ್ತರ ಚರಿತ್ರೆ ರಂಗಕ್ಕೆ ಬಂತು, ಹಾಡುಗಳು ರಾಗಬದ್ಧವಾಗಿ ಬಂದವು. ಸಂನ್ಯಾಸಿಗಳ ಆಶ್ರಮವೊಂದು ನಾಟಕ ಕಂಪನಿ ನಡೆಸುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಕಂಪನಿ ನಾಟಕ ನೋಡಬೇಡಿ ಎಂದು ಹೇಳುವ ಬದಲು ಇಂಥ ನಾಟಕ ನೋಡಿ ಎಂದು ಪರದೆ ಎತ್ತಿದ ಆ ನಡೆ ಇಡೀ ಉತ್ತರ ಕರ್ನಾಟಕಕ್ಕೆ ಮೇಲ್ಪಂಕ್ತಿಯಾಯಿತು. 1995ರಲ್ಲಿ ಸಿನಿಮಾವೇ ಈ ಕಡೆ ತಿರುಗಿ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರವಾಯಿತು. ಅದರ ಸಂಗೀತಕ್ಕೆ ಹಂಸಲೇಖ, ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ರಾಷ್ಟ್ರಪ್ರಶಸ್ತಿ ಪಡೆದರು.

ಧರ್ಮ ಮತ್ತು ಮನರಂಜನೆ ಒಂದಕ್ಕೊಂದು ಎದುರಾಗುವ ದೊಡ್ಡ ಬಯಲೆಂದರೆ ಬನಶಂಕರಿ ಜಾತ್ರೆ. ಬಾದಾಮಿ ಹತ್ತಿರದ ಚೊಳಚಗುಡ್ಡದ ಬನಶಂಕರಿ ದೇವಿ ಶಾಕಂಬರಿ. ಬನದ ಹುಣ್ಣಿಮೆಗೆ ತೇರು. ಅದಕ್ಕೆ ಮೊದಲು ನೂರೆಂಟು ಬಗೆಯ ಪಲ್ಯದ ನೈವೇದ್ಯ ಮಾಡುವ ‘ಪಲ್ಲೇದ ಹಬ್ಬ’. ಇಳಕಲ್ಲು, ಗುಳೇದಗುಡ್ಡದ ನೇಕಾರ ಮನೆತನಗಳಲ್ಲಿ, ಮುಖ್ಯವಾಗಿ ದೇವಾಂಗದವರಲ್ಲಿ, ಇವಳೇ ಕುಲದೇವತೆ. ತೇರು ಎಳೆದ ಮೇಲೆ ಜಾತ್ರೆ ಮುಗಿಯುವುದಿಲ್ಲ, ಇನ್ನೂ ವಾರಗಟ್ಟಲೆ ಸಾಗುತ್ತದೆ. ಆ ವಾರಗಳ ಉದ್ದಕ್ಕೂ ಸಾಲಾಗಿ ನಾಟಕ ಕಂಪನಿಗಳ ತಗಡಿನ ಥಿಯೇಟರುಗಳು. ವೃತ್ತಿ ರಂಗಭೂಮಿಗೆ ವರ್ಷದ ಅನ್ನ ಇಲ್ಲಿಯೇ ಹುಟ್ಟಬೇಕು. ತೇರಿನ ದಿನಗಳಲ್ಲಿ ಒಂದರ ಹಿಂದೊಂದು ಆಟ, ಬೆಳಗಾಗುವ ತನಕ. ಕಂಬಳಿ ಹೊದ್ದು ಬಂದ ರೈತರು ಒಂದು ಡೇರೆಯಿಂದ ಎದ್ದು ಇನ್ನೊಂದಕ್ಕೆ ಹೋಗುತ್ತಾರೆ.

ಈ ಸೀಮೆ ನಾಟಕದ ತವರು. ಹುನಗುಂದ ತಾಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿ ಬರೆದ ‘ಸಂಪತ್ತಿಗೆ ಸವಾಲ್’ ನಾಟಕವೇ 1974ರಲ್ಲಿ ರಾಜಕುಮಾರ್ ಚಿತ್ರವಾಯಿತು. ಕಮತಗಿಯ ಹೊಳೆ ಹುಚ್ಚೇಶ್ವರರ ಹೆಸರಿನಲ್ಲಿ ನಾಟ್ಯ ಸಂಘವೇ ಇದೆ. ಮಠದ ಹೆಸರು ಹೊತ್ತ ಕಂಪನಿಯೂ ಪ್ರೇಕ್ಷಕರ ದುಡ್ಡಿನ ಮೇಲೆಯೇ ನಿಲ್ಲಬೇಕು. ಟಿ.ವಿ., ಸಿನಿಮಾದ ಪೈಪೋಟಿ ಹೆಚ್ಚಿದಂತೆ ಹಲವು ಕಂಪನಿಗಳು ಎರಡರ್ಥದ ಮಾತಿಗೆ, ಕ್ಯಾಬರೆ ಕುಣಿತಕ್ಕೆ ಇಳಿದವು. ಮನೆಮಂದಿ ಕೂತು ನೋಡುವುದು ಕಷ್ಟವಾಯಿತು ಎಂಬ ದೂರು ಪ್ರತಿ ಜಾತ್ರೆಯಲ್ಲೂ ಕೇಳುತ್ತದೆ. ಆ ದೂರು ನಿಜ. ಆದರೆ ಅದನ್ನು ಕಲಾವಿದರ ತಲೆಗೆ ಮಾತ್ರ ಕಟ್ಟುವುದು ಅನ್ಯಾಯ. ಸಾಮಾಜಿಕ ನಾಟಕ, ಭಕ್ತಿ ನಾಟಕಗಳಿಗೆ ಜನ ತುಂಬಿದ ದಿನಗಳಲ್ಲಿ ಇದೇ ಕಂಪನಿಗಳು ಅವನ್ನೇ ಆಡುತ್ತಿದ್ದವು.

ಇಳಕಲ್ಲಿನ ಕಥೆ ಇವೆಲ್ಲಕ್ಕಿಂತ ಬೇರೆ. ಅಲ್ಲಿ ಪ್ರಶ್ನೆ ನಾಟಕದ್ದಲ್ಲ, ಚಟದ್ದು. ಗುಣಿಮಗ್ಗದಲ್ಲಿ ಹಗಲೆಲ್ಲ ಕೂತು ಟೋಪಿ ತೆನೆ ಸೆರಗಿನ ಸೀರೆ ನೇಯುವವರು, ಕೆಂಪು ಗ್ರಾನೈಟಿನ ಕ್ವಾರಿಗಳಲ್ಲಿ ಕಲ್ಲು ಸೀಳುವವರು ಅಲ್ಲಿನ ದುಡಿಯುವ ಜನ. ಅವರ ಕೂಲಿಯ ಒಂದು ಪಾಲು ಕುಡಿತ, ತಂಬಾಕು, ಜೂಜಿಗೆ ಹೋಗುವುದನ್ನು ಕಂಡವರು ಚಿತ್ತರಗಿ-ಇಳಕಲ್ಲ ವಿಜಯ ಮಹಾಂತೇಶ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು, ಜನರ ಬಾಯಲ್ಲಿ ಮಹಾಂತ ಅಪ್ಪಗಳು. 1975ರಲ್ಲಿ ಅವರು ‘ಮಹಾಂತ ಜೋಳಿಗೆ’ಯನ್ನು ಹೆಗಲಿಗೆ ಹಾಕಿಕೊಂಡರು.

ಜೋಳಿಗೆ ಎಂದರೆ ಈ ನಾಡಿಗೆ ಗೊತ್ತಿರುವ ವಸ್ತು. ಜಂಗಮರು ಬಂದರೆ ಜೋಳವೋ, ಕಾಸೋ ಹಾಕಿ ಕೈಮುಗಿಯುವುದು ವಾಡಿಕೆ. ಅಪ್ಪಗಳು ಅದೇ ಜೋಳಿಗೆ ಚಾಚಿ ಬೇರೆಯದನ್ನು ಬೇಡಿದರು. ಕಾಳು ಬೇಡ, ದುಡ್ಡು ಬೇಡ, ನಿಮ್ಮ ಚಟ ಹಾಕಿ ಎಂದರು. ಓಣಿ, ಕೇರಿ, ತಾಂಡಾ ಎನ್ನದೆ ನಡೆದರು. ಜನ ಬೀಡಿ ಕಟ್ಟು, ತಂಬಾಕಿನ ಚೀಟಿ, ಗುಟ್ಕಾ ಪೊಟ್ಟಣಗಳನ್ನು ಜೋಳಿಗೆಗೆ ಹಾಕಿ, ಇನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟರು. ಅಪ್ಪಗಳು ನಾಲ್ಕು ದಶಕ ಇದನ್ನು ಬಿಡಲಿಲ್ಲ. ಬೇರೆ ಬೇರೆ ಮಠಗಳ ಸ್ವಾಮಿಗಳೂ ಜೋಳಿಗೆ ಹಿಡಿದು ಬೀದಿಗಿಳಿದರು.

ಉಪದೇಶಕ್ಕಿಂತ ಜೋಳಿಗೆ ಏಕೆ ಹೆಚ್ಚು ನಾಟಿತು? ಬೈಯುವವರ ಮುಂದೆ ಕುಡುಕ ಎದೆ ಸೆಟೆಸಿ ನಿಲ್ಲಬಲ್ಲ. ಬೇಡುವವರ ಮುಂದೆ, ಅದರಲ್ಲೂ ಕಾವಿ ತೊಟ್ಟ ಹಿರಿಯರು ತನ್ನ ಗುಡಿಸಲಿನ ಬಾಗಿಲಿಗೆ ಬಂದು ಕೈಚಾಚಿದಾಗ, ಇಲ್ಲ ಎನ್ನುವುದು ಕಷ್ಟ. ಕೊಡುವವನಾಗಿ ನಿಂತಾಗ ಅವನ ಮರ್ಯಾದೆ ಉಳಿಯುತ್ತದೆ. ಹೆಂಡತಿ, ಮಕ್ಕಳು, ನೆರೆಹೊರೆ ಎಲ್ಲರ ಕಣ್ಣೆದುರು ಕೊಟ್ಟಿರುತ್ತಾನೆ. ಜೋಳಿಗೆಗೆ ಹಾಕಿದ್ದನ್ನು ಮರಳಿ ತೆಗೆದುಕೊಳ್ಳುವ ಪದ್ಧತಿ ಈ ಸೀಮೆಯಲ್ಲಿಲ್ಲ. ಸರ್ಕಾರ 2007ರ ಜುಲೈನಲ್ಲಿ ಸಾರಾಯಿಯನ್ನು, 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ನಿಷೇಧ ಅಂಗಡಿಯ ಬಾಗಿಲು ಮುಚ್ಚಿಸಬಲ್ಲದು, ಜೋಳಿಗೆ ಮನಸ್ಸಿನ ಬಾಗಿಲು ತಟ್ಟಿತು. ಮಾತು ಕೊಟ್ಟು ತಪ್ಪಿದವರೂ ಇದ್ದಾರೆ, ಅಂಥವರ ಮನೆಗೂ ಜೋಳಿಗೆ ಮತ್ತೆ ಹೋಗಬೇಕಾಗುತ್ತದೆ. ಮಹಾಂತ ಅಪ್ಪಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ‘ವ್ಯಸನಮುಕ್ತ ದಿನ’ವೆಂದು ಆಚರಿಸುತ್ತಿದೆ. ಅಂದು ಶಾಲೆ, ಕಾಲೇಜುಗಳಲ್ಲಿ ಮಕ್ಕಳು ಪ್ರತಿಜ್ಞೆ ಮಾಡುತ್ತಾರೆ.

ಹುನಗುಂದ ಸೀಮೆಯ ಇನ್ನೊಂದು ಕೇಂದ್ರ ಕೃಷ್ಣೆ-ಮಲಪ್ರಭೆಗಳು ಕೂಡುವ ಕೂಡಲಸಂಗಮ. ಬಸವಣ್ಣನವರ ಐಕ್ಯಸ್ಥಳ ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗದಂತೆ ಸುತ್ತ ಬಾವಿಯಾಕಾರದ ಗೋಡೆ ಕಟ್ಟಿ ಉಳಿಸಲಾಗಿದೆ. ಸಂಕ್ರಾಂತಿಯ ಹೊತ್ತಿಗೆ ಬಸವ ಧರ್ಮ ಪೀಠ ನಡೆಸುವ ಶರಣ ಮೇಳಕ್ಕೆ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳಿಂದ ಜನ ಬರುತ್ತಾರೆ. ಲಿಂಗಾನಂದ ಸ್ವಾಮಿಗಳು ಮತ್ತು 2019ರಲ್ಲಿ ತೀರಿಕೊಂಡ ಮಾತೆ ಮಹಾದೇವಿ ಕಟ್ಟಿದ ಈ ಸಂಘಟನೆಗೆ ರಾಷ್ಟ್ರೀಯ ಬಸವ ದಳದ ಕಾರ್ಯಕರ್ತರೇ ಕೈಕಾಲು. ವಚನ ಗಾಯನ, ಸಾಮೂಹಿಕ ಪ್ರಾರ್ಥನೆ, ಚಿಂತನಗೋಷ್ಠಿಗಳ ಮೂರು ದಿನ ಅಲ್ಲಿ ಹರೆಯದವರಿಗೆ ತಮ್ಮ ಊರಿನಾಚೆಯ ಗೆಳೆಯರು ಸಿಗುತ್ತಾರೆ. ನಾಗರ ಪಂಚಮಿಯಂದು ಕಲ್ಲುನಾಗರಕ್ಕೆ ಎರೆಯುವ ಹಾಲನ್ನು ಬಡ ಮಕ್ಕಳಿಗೆ ಕುಡಿಸುವ ‘ಬಸವ ಪಂಚಮಿ’ ಇಂಥ ಬಳಗಗಳಿಂದಲೂ ಹಬ್ಬಿತು.

ಈ ಎಲ್ಲ ವ್ಯವಸ್ಥೆಯಲ್ಲಿ ಹೆಣ್ಣುಮಕ್ಕಳ ಪಾಲು ಎಷ್ಟು ಎಂದು ಕೇಳಲೇಬೇಕು. ರಾತ್ರಿಯ ಭಜನಾ ಕಟ್ಟೆಯೂ, ಗರಡಿಯೂ ಗಂಡಸರವು. ಹುಡುಗಿಯರಿಗೆ ಪಂಚಮಿಯ ಜೋಕಾಲಿ, ಗುಳ್ಳವ್ವನ ಮಂಗಳವಾರಗಳು, ಜೋಕುಮಾರನ ಹಾಡು ಇದ್ದವು. ಪಟ್ಟಣಗಳಲ್ಲಿ ‘ಅಕ್ಕನ ಬಳಗ’ ಎಂಬ ಹೆಸರಿನಲ್ಲಿ ಹೆಂಗಸರು ಕೂಡಿ ವಚನ ಹಾಡುವ, ಓದುವ ಪರಿಪಾಠ ಬೆಳೆದದ್ದು ಈ ಕೊರತೆಯನ್ನು ಸ್ವಲ್ಪ ತುಂಬಿತು. ಸಂಜೆ ನಾಲ್ಕಕ್ಕೆ ಸೇರಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವ ಲೆಕ್ಕ. ಕೆಲಸಕ್ಕೆ ಹೋಗುವ, ಕಾಲೇಜು ಓದುವ ಹುಡುಗಿಯರಿಗೆ ಆ ಹೊತ್ತು ಹೊಂದುವುದಿಲ್ಲ. ಜಾತಿಯ ಮಾತೂ ಉಂಟು. ಮೇಳ ಯಾವ ಗುಡಿಯದೋ ಆ ಗುಡಿಗೆ ಬರಬಲ್ಲವರೇ ಮೇಳದವರು ಎಂಬ ಗೆರೆ ಬಹಳ ಊರುಗಳಲ್ಲಿ ಇನ್ನೂ ಅಳಿಸಿಲ್ಲ.

ಬಾಗಲಕೋಟೆ ನಗರದ್ದು ಮತ್ತೊಂದು ಪೆಟ್ಟು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆ ಊರಿನ ತಗ್ಗಿನ ಭಾಗಗಳನ್ನು ನುಂಗಿತು, ಜನ ನವನಗರದ ಸೆಕ್ಟರುಗಳಿಗೆ ಹಂಚಿಹೋದರು. ಓಣಿಯಲ್ಲಿ ಗುಡಿ ಇರುತ್ತಿತ್ತು, ಗುಡಿಗೆ ಕಟ್ಟೆ, ಕಟ್ಟೆಗೆ ಮೇಳ. ಸೆಕ್ಟರಿಗೆ ಇರುವುದು ನಂಬರು. ಆದರೂ ಹೋಳಿ ಬಂದಾಗ ಹಳೆ ಊರಿನ ಪೇಟೆಗಳ ಹುಡುಗರು ಹಲಗಿ ಕಾಸಿ ಬಡಿಯುತ್ತ, ಬಂಡಿಗಳಲ್ಲಿ ಬಣ್ಣದ ಹಂಡೆ ಇಟ್ಟುಕೊಂಡು ದಿನಗಟ್ಟಲೆ ಆಡುವುದು ನಿಂತಿಲ್ಲ. ಹೊರಗೆ ನೆಲೆಸಿದವರೂ ಅದಕ್ಕಾಗಿ ಊರಿಗೆ ಬರುತ್ತಾರೆ.

ಮೊಬೈಲು ಬಂದ ಮೇಲೆ ಕಟ್ಟೆ ಬರಿದಾಯಿತು ಎನ್ನುವ ಮಾತು ಅರ್ಧ ಸತ್ಯ. ಸವಾಲು-ಜವಾಬು ಭಜನೆ, ಡೊಳ್ಳಿನ ಪದ, ಪಾರಿಜಾತದ ದೃಶ್ಯಗಳು ಯೂಟ್ಯೂಬಿಗೂ ಏರಿವೆ, ದೂರದ ಊರುಗಳಿಗೆ ದುಡಿಯಲು ಹೋದವರು ಅವನ್ನು ಅಲ್ಲಿಂದಲೇ ನೋಡುತ್ತಾರೆ. ಆದರೆ ನೋಡುವವನ ಕೈಯಲ್ಲಿ ತಾಳವಿಲ್ಲ. ಮೇಳ ಹುಡುಗನಿಗೆ ಕೊಡುತ್ತಿದ್ದುದು ಹಾಡನ್ನು ಮಾತ್ರವಲ್ಲ, ತಾನಿಲ್ಲದೆ ಇಂದಿನ ಭಜನೆ ಸಾಗದು ಎಂಬ ಭಾವನೆಯನ್ನು. ಗಣಪತಿ ಮೆರವಣಿಗೆಗೆ ಡಿ.ಜೆ. ತರಿಸಿದರೆ ನೂರು ಹುಡುಗರು ಅದರ ಹಿಂದೆ ಕುಣಿಯಬಹುದು, ಬಾರಿಸುವವನು ಒಬ್ಬನೇ. ಕರಡಿ ಮಜಲು, ಹಲಗಿ ಮೇಳ, ಡೊಳ್ಳು ಇದ್ದರೆ ಇಪ್ಪತ್ತು ಹುಡುಗರ ಕೈಗೆ ಕೆಲಸ ಸಿಗುತ್ತದೆ, ಅದಕ್ಕಾಗಿ ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ.

ಚಟ ಬಿಡಿಸುವ ಕೆಲಸದಲ್ಲಿ ಇರುವವರೂ ಈ ಮಾತನ್ನು ಅನುಭವದಿಂದ ಅರಿತಿದ್ದಾರೆ. ಧರ್ಮಸ್ಥಳದ ಜನಜಾಗೃತಿ ವೇದಿಕೆ ರಾಜ್ಯದ ಊರೂರುಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತದೆ. ಅಲ್ಲಿ ಯೋಗ, ವ್ಯಾಯಾಮ, ಸಲಹೆಯ ಜೊತೆಗೆ ಭಜನೆಯೂ ದಿನಚರಿಯ ಭಾಗ. ಶಿಬಿರ ಮುಗಿಸಿದವರನ್ನು ಅಲ್ಲಿಗೇ ಬಿಡದೆ ‘ನವಜೀವನ ಸಮಿತಿ’ ಕಟ್ಟಿ ಮತ್ತೆ ಮತ್ತೆ ಕೂಡಿಸುತ್ತಾರೆ. ಕುಡಿತ ಬಿಟ್ಟವನಿಗೆ ಹಗಲು ಕಷ್ಟವಲ್ಲ, ದುಡಿಮೆಯಲ್ಲಿ ಕಳೆಯುತ್ತದೆ. ಸಂಜೆ ಏಳರಿಂದ ಹತ್ತರ ವರೆಗಿನ ಹೊತ್ತೇ ಅವನನ್ನು ಹಳೆಯ ಜಾಗಕ್ಕೆ ಎಳೆಯುವುದು. ಹುನಗುಂದ, ಬಾದಾಮಿ ಸೀಮೆಯ ಭಜನಾ ಕಟ್ಟೆಗಳು ತಾಳ ಎತ್ತಿಕೊಳ್ಳುವುದೂ ಅದೇ ಹೊತ್ತಿಗೆ.